ಸ್ಟೈಲ್‌ಶೀಟ್‌ನಲ್ಲಿ ಎನ್‌ಬಿಎಸ್‌ಪಿ ಹಾಕಿದರೆ ಎರರ್, ಏನು ಮಾಡಲಿ?

ಹೊಸಟ್ಯಾಗ್
ಒಂದು ಪದಕೋಶದ ಎಕ್ಸ್‌ಎಂಎಲ್ ಫೈಲನ್ನು ಎಕ್ಸ್‌ಎಸ್‌ಎಲ್‌ಟಿ (ಎಕ್ಸ್‌ಎಂಎಲ್ ಅನ್ನು ಬೇರೆ ರೂಪಕ್ಕೆ ತಿರುಗಿಸುವ ಭಾಷೆ) ಸ್ಟೈಲ್‌ಶೀಟ್ ಮೂಲಕ ಎಚ್‌ಟಿಎಂಎಲ್ ಮಾಡುತ್ತಿದ್ದೇನೆ. ಪದ ಒಂದು ಸಾಲಿನಲ್ಲಿ, ಪುಟಸಂಖ್ಯೆ ಮುಂದಿನ ಸಾಲಿನಲ್ಲಿ ಆಗಬಾರದು ಅಂತ ನಡುವೆ ಎನ್‌ಬಿಎಸ್‌ಪಿ (ಸಾಲು ಮುರಿಯಲು ಬಿಡದ ಖಾಲಿ ಜಾಗ) ಎಂಟಿಟಿ, ಅಂದರೆ ಅಕ್ಷರದ ಬದಲು ಬರೆಯುವ ಹೆಸರು, ಹಾಕಿದೆ. ಸ್ಟೈಲ್‌ಶೀಟ್ ಓಡಿಸುವ ಎಕ್ಸ್‌ಎಸ್‌ಎಲ್‌ಟಿಪ್ರೋಕ್ ಪ್ರೋಗ್ರಾಂ 'ಎಂಟಿಟಿ ಡಿಫೈನ್ ಆಗಿಲ್ಲ' ಎನ್ನುತ್ತದೆ. ಆಂಪರ್‌ಸಂಡ್ ಎಸ್ಕೇಪ್ ಮಾಡಿದರೆ ಎರರ್ ಇಲ್ಲ, ಆದರೆ ಪುಟದಲ್ಲಿ ಎಂಟಿಟಿಯ ಹೆಸರೇ ಅಕ್ಷರ ಅಕ್ಷರವಾಗಿ ಕಾಣುತ್ತದೆ. ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ (ಎಸ್ಕೇಪ್ ಮಾಡದೆ ಹಾಗೇ ಬರೆ ಎಂಬ ಸೂಚನೆ) ಹಾಕಿದೆ, ಸರಿಹೋಯಿತು. ಅದೇ ಸ್ಟೈಲ್‌ಶೀಟ್ ಫೈರ್‌ಫಾಕ್ಸ್‌ನಲ್ಲಿ ಓಡಿಸಿದರೆ ಮತ್ತೆ ಹಳೇ ಕತೆ. ಒಂದು ಖಾಲಿ ಜಾಗಕ್ಕೆ ಇಷ್ಟು ರಂಪಾಟನಾ?

ಅರೆವಿರಾಮ
  ಹಾಕಿ. ಮುಗೀತು.

ಕೋನಾವರಣ
ಅರೆವಿರಾಮ ಹೇಳಿದ್ದು ಸರಿ, 160 ಅಂದರೆ ಎನ್‌ಬಿಎಸ್‌ಪಿ ಅಕ್ಷರದ ಯೂನಿಕೋಡ್ ಸಂಖ್ಯೆ. ಯಾಕೆ ಸರಿ ಅಂತಲೂ ನೋಡಿಬಿಡಿ, ಇಲ್ಲದಿದ್ದರೆ ನಾಳೆ ಕಾಪಿರೈಟ್ ಚಿಹ್ನೆಗೂ ಇದೇ ಪ್ರಶ್ನೆ ಬರುತ್ತದೆ.

ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಎಂಟಿಟಿಗಳು 5 ಮಾತ್ರ: ಎಲ್‌ಟಿ, ಜಿಟಿ, ಆಂಪ್, ಅಪಾಸ್, ಕ್ವಾಟ್. ಎನ್‌ಬಿಎಸ್‌ಪಿ ಎಚ್‌ಟಿಎಂಎಲ್ ಮನೆಯದು. ಸ್ಟೈಲ್‌ಶೀಟ್ ಕೂಡ ಒಂದು ಎಕ್ಸ್‌ಎಂಎಲ್ ಫೈಲೇ ಅಲ್ವಾ? ಪಾರ್ಸರ್ (ಎಕ್ಸ್‌ಎಂಎಲ್ ಓದುವ ಭಾಗ) ಮೊದಲು ಅದನ್ನು ಓದಿ, ಎಂಟಿಟಿಗಳನ್ನೆಲ್ಲ ಬಿಡಿಸಿ, ಆಮೇಲೆ ಎಕ್ಸ್‌ಎಸ್‌ಎಲ್‌ಟಿಗೆ ಕೊಡುತ್ತದೆ. ಅಷ್ಟರಲ್ಲಿ ಹೆಸರು ಹೋಗಿ ಬರೀ ಅಕ್ಷರ ಉಳಿದಿರುತ್ತದೆ.

ಹೆಸರೇ ಬೇಕು ಅಂದರೆ ಎಕ್ಸ್‌ಎಂಎಲ್ ಡಿಕ್ಲರೇಶನ್ ಆದಮೇಲೆ, ಸ್ಟೈಲ್‌ಶೀಟ್ ಟ್ಯಾಗಿಗೆ ಮೊದಲು ಒಂದು ಡಾಕ್‌ಟೈಪ್ (ಎಂಟಿಟಿಗಳನ್ನು ಘೋಷಿಸುವ ಜಾಗ) ಬರೆಯಿರಿ. ಅದರ ಚೌಕ ಆವರಣದೊಳಗೆ ಎನ್‌ಬಿಎಸ್‌ಪಿ ಅಂದರೆ   ಎಂದು ಎಂಟಿಟಿ ಘೋಷಿಸಿ. ನನಗೆ ಇದೇ ಇಷ್ಟ. ಕೋಡ್ ಓದುವಾಗ 160 ಏನು ಅಂತ ತಲೆ ಕೆರೆದುಕೊಳ್ಳಬೇಕಾಗಿಲ್ಲ.

ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ದಯವಿಟ್ಟು ತೆಗೆದುಹಾಕಿ. ಅದನ್ನು ಪ್ರೊಸೆಸರ್ ಪಾಲಿಸಲೇಬೇಕು ಅಂತ ನಿಯಮವಿಲ್ಲ. ಫೈರ್‌ಫಾಕ್ಸ್ ಫಲಿತಾಂಶವನ್ನು ಪಠ್ಯವಾಗಿ ಬರೆಯುವುದೇ ಇಲ್ಲ, ನೇರವಾಗಿ ಮೆಮೊರಿಯಲ್ಲಿ ಪುಟದ ಟ್ರೀ ಕಟ್ಟುತ್ತದೆ. ಬರೆಯದೇ ಇದ್ದಮೇಲೆ ಎಸ್ಕೇಪ್ ನಿಲ್ಲಿಸುವುದು ಎಲ್ಲಿಂದ?

ಹೊಸಟ್ಯಾಗ್
ಡಾಕ್‌ಟೈಪ್ ಹಾಕಿದೆ, ಸ್ಟೈಲ್‌ಶೀಟ್ ಓಡಿತು. ಆದರೆ ಈಗ ಡೇಟಾ ಫೈಲಿನಲ್ಲಿರುವ ಝಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರ) ಎಂಟಿಟಿಗೆ ಅದೇ ಎರರ್. ಅದನ್ನೂ ಸ್ಟೈಲ್‌ಶೀಟ್‌ನಲ್ಲೇ ಘೋಷಿಸಿದ್ದೇನಲ್ಲ!

ಕೋನಾವರಣ
ಒಂದು ಫೈಲಿನ ಘೋಷಣೆ ಇನ್ನೊಂದಕ್ಕೆ ನಡೆಯುವುದಿಲ್ಲ. ಎರಡನ್ನೂ ಪಾರ್ಸರ್ ಬೇರೆ ಬೇರೆಯಾಗಿ ಓದುತ್ತದೆ. ಡೇಟಾ ಫೈಲಿಗೂ ಅದರದೇ ಡಾಕ್‌ಟೈಪ್ ಕೊಡಿ, ಇಲ್ಲವೇ ಎಲ್ಲ ಕಡೆ ‌ ಎಂದು ಬದಲಿಸಿ.

ಅರೆವಿರಾಮ
ಔಟ್‌ಪುಟ್ ಎನ್‌ಕೋಡಿಂಗನ್ನು ಯುಎಸ್-ಆಸ್ಕಿ ಮಾಡಿದರೆ ಇಂಗ್ಲಿಷ್ ಅಲ್ಲದ ಅಕ್ಷರವೆಲ್ಲವೂ ಸಂಖ್ಯೆಯಾಗಿಯೇ ಬರುತ್ತದೆ, ಕಣ್ಣಿಗೂ ಕಾಣುತ್ತದೆ. ನಾನು ಹಾಗೇ ಮಾಡೋದು.

ಕೋನಾವರಣ
ಇಂಗ್ಲಿಷ್ ಪುಟಕ್ಕಾದರೆ ಸರಿ. ಕನ್ನಡ ಪದಕೋಶದಲ್ಲಿ ಪ್ರತಿಯೊಂದು 'ಕ' ಕ ಆಗುತ್ತದೆ. ಯುಟಿಎಫ್-8ರಲ್ಲಿ 3 ಬೈಟ್, ಇಲ್ಲಿ 7. ಫೈಲ್ ಊದಿಕೊಳ್ಳುತ್ತದೆ, ಯಾರೂ ಓದಲಾರರು. ಯುಟಿಎಫ್-8 ಇಟ್ಟುಕೊಳ್ಳಿ. ಎನ್‌ಬಿಎಸ್‌ಪಿ ಮಾತ್ರ ಎಂಟಿಟಿಯಾಗಿ ಹೊರಬರಬೇಕು ಎಂದರೆ ಎಕ್ಸ್‌ಎಸ್‌ಎಲ್‌ಟಿ 2.0ರ ಕ್ಯಾರೆಕ್ಟರ್-ಮ್ಯಾಪ್ (ಯಾವ ಅಕ್ಷರವನ್ನು ಹೇಗೆ ಬರೆಯಬೇಕು ಅನ್ನುವ ಪಟ್ಟಿ) ಇದೆ. ಎಕ್ಸ್‌ಎಸ್‌ಎಲ್‌ಟಿಪ್ರೋಕ್‌ಗೆ 1.0 ಮಾತ್ರ ಗೊತ್ತು, ಸ್ಯಾಕ್ಸನ್ ಎಂಬ ಪ್ರೊಸೆಸರ್ ಬೇಕಾಗುತ್ತದೆ.

ಹಾಂ, ಹೆಚ್ಚುವರಿ ಖಾಲಿ ಜಾಗ ತೆಗೆಯುವ ನಾರ್ಮಲೈಜ್-ಸ್ಪೇಸ್ ಫಂಕ್ಷನ್ ಎನ್‌ಬಿಎಸ್‌ಪಿಯನ್ನು ತೆಗೆಯುವುದಿಲ್ಲ. ಎಕ್ಸ್‌ಎಂಎಲ್ ಲೆಕ್ಕದಲ್ಲಿ ಖಾಲಿ ಜಾಗ ಎಂದರೆ ಸ್ಪೇಸ್, ಟ್ಯಾಬ್ ಮತ್ತು ಸಾಲು ಮುರಿಯುವ ಎರಡು ಅಕ್ಷರಗಳು, ಅಷ್ಟೇ. ತೆಗೆಯಬೇಕಾದರೆ ಮೊದಲು ಟ್ರಾನ್ಸ್‌ಲೇಟ್ ಫಂಕ್ಷನ್‌ನಿಂದ ಮಾಮೂಲಿ ಸ್ಪೇಸ್ ಮಾಡಿಕೊಳ್ಳಿ.