ಓಡಿಬಂದ ಜೋಡಿಯ ರಿಜಿಸ್ಟರ್ ಮದುವೆ ದೃಶ್ಯ: ತಿಳಿದವರು ತಿದ್ದಿಕೊಡಿ

ಪ್ರಶ್ನೆ: ತಮಿಳು ಪ್ರೇಮಕಥೆಯೊಂದಕ್ಕೆ ಚಿತ್ರಕಥೆ ಬರೆಯುತ್ತಿದ್ದೇನೆ. ಮಧುರೈನ ಹುಡುಗ ಹುಡುಗಿ, ಇಬ್ಬರೂ ಹಿಂದೂಗಳು, ಜಾತಿ ಬೇರೆ. ಮನೆಯವರ ಒತ್ತಡ ತಾಳದೆ ರಾತ್ರಿ ಬಸ್ಸಿಗೆ ಚೆನ್ನೈಗೆ ಬಂದು, ಮರುದಿನವೇ ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಮದುವೆಯಾಗುತ್ತಾರೆ. ಇದು ನಂಬುವಂತಿದೆಯೇ?

ಉತ್ತರ 1: 1954ರ ವಿಶೇಷ ವಿವಾಹ ಕಾಯ್ದೆಯಡಿ ಇದು ಆಗುವ ಮಾತಲ್ಲ ಸರ್. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದರೆ ಮಾತ್ರ ಅಲ್ಲಿ ನೋಟಿಸ್ ಕೊಡಬಹುದು. ಕೊಟ್ಟ ಮೇಲೆ ಇನ್ನೂ 30 ದಿನ ಕಾಯಬೇಕು. ಸಹಿಗೆ ಮೂವರು ಸಾಕ್ಷಿಗಳು ಬೇಕು. ನಿಮ್ಮ ಕಥೆಯ ಜೀವ ಇರುವುದು ಆ ಕಾಯುವಿಕೆಯಲ್ಲೇ: ಕಾಯಂ ವಿಳಾಸ ಮಧುರೈ ಆದ್ದರಿಂದ ನೋಟಿಸಿನ ನಕಲು ಅಲ್ಲಿನ ಕಚೇರಿಗೂ ಹೋಗಿ ಗೋಡೆಗೆ ಅಂಟುತ್ತದೆ. ಹೆಸರು, ವಯಸ್ಸು, ಉದ್ಯೋಗ, ವಿಳಾಸ ಎಲ್ಲ ಅದರಲ್ಲಿರುತ್ತದೆ. ಹುಡುಗಿಯ ಚಿಕ್ಕಪ್ಪ ಬೇರೇನೋ ಪತ್ರ ಮಾಡಿಸಲು ಬಂದು ಅದನ್ನು ಓದಿದರೆ ಸಾಕು. ಆದರೆ ಆತ ಜಾತಿಯ ಕಾರಣ ಕೊಟ್ಟು ಆಕ್ಷೇಪಣೆ ಸಲ್ಲಿಸಿದರೆ ನಿಲ್ಲದು. ವಯಸ್ಸು, ಜೀವಂತ ಸಂಗಾತಿ, ಮಾನಸಿಕ ಸ್ಥಿತಿ, ನಿಷಿದ್ಧ ರಕ್ತಸಂಬಂಧ, ಇಷ್ಟೇ ಆಕ್ಷೇಪಕ್ಕೆ ಆಧಾರ.

ಉತ್ತರ 2: ಅದೇ ದಿನ ಮದುವೆ ಆಗಲೇಬೇಕಾದರೆ ತಮಿಳುನಾಡಿನಲ್ಲಿ ಸುಯಮರಿಯಾದೈ (ಆತ್ಮಗೌರವ) ಮದುವೆ ಇದೆಯಲ್ಲ! ಅಣ್ಣಾದುರೈ ಸರ್ಕಾರದ 1967ರ ತಿದ್ದುಪಡಿಯಿಂದ ಹಿಂದೂ ವಿವಾಹ ಕಾಯ್ದೆಗೆ ಸೇರಿದ 7ಎ ಕಲಂ. ಪುರೋಹಿತರು ಬೇಡ, ಅಗ್ನಿ ಬೇಡ. ನೆಂಟರೋ ಗೆಳೆಯರೋ ಎದುರಿಗಿದ್ದು, ಇಬ್ಬರೂ ತಮಗೆ ಅರ್ಥವಾಗುವ ಭಾಷೆಯಲ್ಲಿ ಪರಸ್ಪರ ಒಪ್ಪಿದ್ದೇವೆಂದು ಹೇಳಿ, ಹಾರ ಬದಲಿಸಿದರೆ ಅಥವಾ ಉಂಗುರ ತೊಡಿಸಿದರೆ ಅಥವಾ ತಾಳಿ ಕಟ್ಟಿದರೆ ಆಯಿತು. ಮೂರರಲ್ಲಿ ಒಂದು ಸಾಕು. ಇಂಥ ಮದುವೆ ಬಹಿರಂಗವಾಗಿಯೇ ನಡೆಯಬೇಕೆಂದಿಲ್ಲ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬರು ಕ್ರೈಸ್ತರೋ ಮುಸ್ಲಿಮರೋ ಆಗಿದ್ದರೆ ಮಾತ್ರ ಈ ದಾರಿ ಇಲ್ಲ.

ಉತ್ತರ 3: ಹುಡುಗಿಯ ವಯಸ್ಸನ್ನು ಮೊದಲು ಗಟ್ಟಿಮಾಡಿಕೊಳ್ಳಿ. ಬಾಲಾಜಿ ಶಕ್ತಿವೇಲ್ ಅವರ ‘ಕಾದಲ್’ (2004) ನಾಯಕಿ ಶಾಲಾ ಹುಡುಗಿ. ಕನ್ನಡದಲ್ಲಿ ಅದೇ ‘ಚೆಲುವಿನ ಚಿತ್ತಾರ’ (2007) ಆಯಿತು. ಇಂದಿನ ಕಾಲಕ್ಕೆ ಆ ಕಥೆ ಇಟ್ಟರೆ ಹುಡುಗನ ಮೇಲೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಬೀಳುತ್ತದೆ, ಪ್ರೇಕ್ಷಕರೂ ಅದನ್ನೇ ಕೇಳುತ್ತಾರೆ. ಅವಳಿಗೆ 18, ಅವನಿಗೆ 21 ತುಂಬಿರಲಿ. ಓಡಿಬರುವಾಗ ಅವಳ ಚೀಲದಲ್ಲಿ ಒಡವೆಗಿಂತ ಮೊದಲು ಹತ್ತನೇ ತರಗತಿಯ ಅಂಕಪಟ್ಟಿ ಇರಬೇಕು. ಅದನ್ನು ಅಪ್ಪನ ಬೀರುವಿನಿಂದ ತೆಗೆಯುವುದೇ ಒಳ್ಳೆಯ ದೃಶ್ಯವಾದೀತು.

ಉತ್ತರ 4: ಒಂದು ಸೇರಿಸುತ್ತೇನೆ. 7ಎ ಮದುವೆಯಾದ ಮೇಲೂ ನೋಂದಣಿ ಬಾಕಿ. ತಮಿಳುನಾಡಿನ 2009ರ ಕಾಯ್ದೆಯಂತೆ 90 ದಿನದೊಳಗೆ, ತಡವಾದರೆ ಹೆಚ್ಚಿನ ಶುಲ್ಕ ಕಟ್ಟಿ ಇನ್ನೂ 60 ದಿನದೊಳಗೆ ಆಗಬೇಕು. ಮದುವೆ ನಡೆದ ಊರಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನು ಮಾಡಿಸಬಹುದು. ಹಾಗಾಗಿ ನಿಮ್ಮ ಜೋಡಿ ಚೆನ್ನೈನಲ್ಲಿ ಹಾರ ಹಾಕಿಕೊಂಡರೆ ಮಧುರೈಗೆ ಹೋಗುವ ಪ್ರಮೇಯವಿಲ್ಲ.