ಹಳೆಯ ಝೆನ್‌ಗೆ 70,000 ರೂಪಾಯಿಯಲ್ಲಿ ಟರ್ಬೋ ಕೂರಿಸಬಹುದೇ?

ಘಟ್ಟದ ಝೆನ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2004ರ ಮಾರುತಿ ಝೆನ್ ಇದೆ. 993 ಸಿಸಿಯ ನಾಲ್ಕು ಸಿಲಿಂಡರಿನ ಎಂಪಿಎಫ್‌ಐ ಎಂಜಿನ್. ಕಂಪನಿಯ ಲೆಕ್ಕದಲ್ಲಿ 60 ಬಿಎಚ್‌ಪಿ. ವಾಸ ಹಾಸನದಲ್ಲಿ, ಊರು ಪುತ್ತೂರಿನ ಕಡೆ. ಹಾಗಾಗಿ ಶಿರಾಡಿ ಘಾಟಿ ಇಳಿದು ಹತ್ತುವುದು ತಪ್ಪಿದ್ದಲ್ಲ. ನಾಲ್ಕು ಜನ ಕುಳಿತು ಎಸಿ ಹಾಕಿದರೆ ಗುಂಡ್ಯದಿಂದ ಮೇಲಕ್ಕೆ ಬಹುಪಾಲು ಎರಡನೇ ಗೇರಿನಲ್ಲೇ ಬರಬೇಕಾಗುತ್ತದೆ.

ಸ್ವಿಫ್ಟ್ ಡೀಸೆಲ್‌ನಿಂದ ಬಿಚ್ಚಿದ ಟರ್ಬೋ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಕೇಳಿದ್ದೇನೆ. ಮಾರುತಿಯವರೇ 2017ರ ಬಲೆನೊ ಆರ್‌ಎಸ್‌ನಲ್ಲಿ 998 ಸಿಸಿಯ ಬೂಸ್ಟರ್‌ಜೆಟ್ ಎಂಜಿನ್ನಿನಿಂದ 102 ಪಿಎಸ್ (ಬಿಎಚ್‌ಪಿಗೆ ಹೆಚ್ಚುಕಡಿಮೆ ಸಮ) ತೆಗೆದಿದ್ದರು. ನನಗೆ ಅಷ್ಟು ಬೇಡ, 80 ಬಂದರೆ ಸಾಕು. ಪಿಸ್ಟನ್, ಕನೆಕ್ಟಿಂಗ್ ರಾಡ್ ಬದಲಿಸುವ ಯೋಚನೆಯಿಲ್ಲ. ಒಟ್ಟು 70,000 ರೂಪಾಯಿ ಇಟ್ಟುಕೊಂಡಿದ್ದೇನೆ. ಇದರಲ್ಲಿ ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಲೇಬಾರದು ಎಂದು ತಿಳಿದವರು ಹೇಳಬೇಕಾಗಿ ವಿನಂತಿ.

ಲ್ಯಾಂಬ್ಡಾ

80 ಬಿಎಚ್‌ಪಿ ಅತಿಯಾಸೆಯಲ್ಲ, 0.4 ಬಾರ್ ಬೂಸ್ಟ್‌ನಲ್ಲಿ (ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚಿನ ಒತ್ತಡದಲ್ಲಿ) ಅದರ ಹತ್ತಿರಕ್ಕೆ ಬರಬಹುದು. ಆದರೆ ನಿಮ್ಮ ಪಟ್ಟಿ ಟರ್ಬೋದಿಂದ ಶುರುವಾಗಿದೆ, ಅಲ್ಲಿಂದ ಶುರುವಾಗಬಾರದು. ಟರ್ಬೋ ಗಾಳಿಯನ್ನಷ್ಟೇ ತುಂಬುತ್ತದೆ. ಆ ಗಾಳಿಗೆ ತಕ್ಕ ಪೆಟ್ರೋಲ್, ತಕ್ಕ ಸಮಯಕ್ಕೆ ಕಿಡಿ, ಇವೆರಡೂ ಸರಿಯಾಗಿವೆಯೇ ಎಂದು ಅಳೆದು ತೋರಿಸುವ ಸಾಧನ, ನಿಮ್ಮ ಹಣದ ಬಹುಭಾಗ ಈ ಮೂರಕ್ಕೆ ಹೋಗಬೇಕು.

ಪೆಟ್ರೋಲಿನ ಲೆಕ್ಕ ನೋಡಿ. ಟರ್ಬೋ ಎಂಜಿನ್ 80 ಬಿಎಚ್‌ಪಿ ಕೊಡುವಾಗ ಗಂಟೆಗೆ ಸುಮಾರು 22 ಕಿಲೋ, ಅಂದರೆ ನಿಮಿಷಕ್ಕೆ 490 ಮಿಲಿಲೀಟರ್ ಪೆಟ್ರೋಲ್ ಬೇಕು. ನಾಲ್ಕು ಇಂಜೆಕ್ಟರ್‌ಗಳಿಗೆ (ಪೆಟ್ರೋಲ್ ಸಿಂಪಡಿಸುವ ಮೂತಿಗಳಿಗೆ) ಹಂಚಿ, ಶೇ. 85ಕ್ಕಿಂತ ಹೆಚ್ಚು ಹೊತ್ತು ತೆರೆದಿಡಬಾರದೆಂಬ ಮಿತಿ ಸೇರಿಸಿದರೆ ತಲಾ ನಿಮಿಷಕ್ಕೆ 145 ಮಿಲಿಲೀಟರ್‌ನ ಆಸುಪಾಸು ಬರುತ್ತದೆ. ಈಗ ಬಂಕ್‌ನಲ್ಲಿ ಸಿಗುವ ಇ20 (ಶೇ. 20ರಷ್ಟು ಎಥನಾಲ್ ಬೆರೆತ) ಪೆಟ್ರೋಲಿಗೆ ಎಥನಾಲ್‌ನ ದೆಸೆಯಿಂದ ಇನ್ನೂ ಶೇ. 6ರಿಂದ 7ರಷ್ಟು ಹೆಚ್ಚು ಬೇಕು. ನಿಮ್ಮ ಇಂಜೆಕ್ಟರ್‌ಗಳನ್ನು ತೆಗೆಸಿ ಫ್ಲೋ ಬೆಂಚ್‌ನಲ್ಲಿ ಅಳತೆ ಮಾಡಿಸದೆ ಅವು ಸಾಲುತ್ತವೆ ಅಥವಾ ಸಾಲುವುದಿಲ್ಲ ಎಂದು ಯಾರು ಹೇಳಿದರೂ ಅದು ಊಹೆ.

ಇನ್ನೊಂದು ತೊಡಕು ಇಸಿಯುವಿನದು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನದು. ನಿಮ್ಮ ಗಾಡಿಯ ಇಸಿಯು ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಒತ್ತಡ ಓದುವ ಸಾಧನ) ನೋಡಿ ಇಂಧನ ಅಳೆಯುತ್ತದೆ. ಆ ಸೆನ್ಸರ್ ಇರುವುದು ವಾತಾವರಣದ ಒತ್ತಡದವರೆಗೆ ಓದುವುದಕ್ಕೆ. ಅದರ ಮೇಲೆ ಬೂಸ್ಟ್ ಎಷ್ಟೇ ಏರಿದರೂ ಇಸಿಯುವಿಗೆ ಗೊತ್ತಾಗುವುದಿಲ್ಲ. ಫ್ಯೂಯೆಲ್ ಪ್ರೆಷರ್ ಹೆಚ್ಚಿಸುವ ರೆಗ್ಯುಲೇಟರ್ ಒಂದನ್ನು ಹಾಕಿ ಮುಗಿಸುವ ಹಳೆಯ ಉಪಾಯವಿದೆ. ಅದು ಪೆಟ್ರೋಲನ್ನೇನೋ ಹೆಚ್ಚಿಸುತ್ತದೆ, ಆದರೆ ಕಿಡಿಯನ್ನು ತಡ ಮಾಡುವುದಿಲ್ಲ, ಮತ್ತು ಎಂಜಿನ್ ಒಡೆಯುವುದು ಹೆಚ್ಚಾಗಿ ಅಲ್ಲೇ. 35 ಡಿಗ್ರಿಯ ಗಾಳಿ 0.4 ಬಾರ್‌ಗೆ ಒತ್ತಿದಾಗ ಅದನ್ನು ತಣಿಸುವ ಇಂಟರ್‌ಕೂಲರ್ ಇಲ್ಲದಿದ್ದರೆ 85 ಡಿಗ್ರಿಯ ಆಚೀಚೆಗೆ ಕಾಯುತ್ತದೆ. ಅದರ ಮೇಲೆ ಕಿಡಿಯೂ ಮೊದಲಿನಷ್ಟೇ ಮುಂಚಿತವಾಗಿದ್ದರೆ ನಾಕಿಂಗ್ (ಪೆಟ್ರೋಲ್-ಗಾಳಿಯ ಮಿಶ್ರಣ ಹದ ತಪ್ಪಿ ತಾನಾಗಿಯೇ ಸಿಡಿಯುವುದು) ಖಂಡಿತ. ಅದು ಕಿವಿಗೆ ಕೇಳಿಸುವ ಹೊತ್ತಿಗೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಬಿರುಕು ಬಿಟ್ಟಿರಲೂಬಹುದು. ಆದ್ದರಿಂದ ಸ್ಪೀಡುವಿನೋದಂತಹ ತೆರೆದ ವಿನ್ಯಾಸದ ಇಸಿಯು, 2.5 ಅಥವಾ 3 ಬಾರ್ ಓದಬಲ್ಲ ಮ್ಯಾಪ್ ಸೆನ್ಸರ್, ಹೊಗೆಯನ್ನು ಅಳೆದು ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಒಂದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೇಕೇ ಬೇಕು. ಈ ವೈಡ್‌ಬ್ಯಾಂಡ್ ಒಂದೇ ನಿಮ್ಮ ಗುಜರಿ ಟರ್ಬೋಗಿಂತ ದುಬಾರಿಯಾದೀತು. ಆದರೂ ಅದನ್ನೇ ಮೊದಲು ಕೊಳ್ಳಿ.

ನಿಮ್ಮ ದಾರಿಗೆ ಸಂಬಂಧಿಸಿದ ಒಂದು ವಿಷಯವೂ ಇದೆ. ಹಾಸನ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡ 0.9 ಬಾರ್‌ನಷ್ಟು, ಘಟ್ಟದ ಕೆಳಗೆ 1 ಬಾರ್. ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಬದಿಗೆ ಬಿಡುವ ಬಾಗಿಲು) ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ ನೋಡುತ್ತದೆ. ಹಾಗಾಗಿ ಹಾಸನದಲ್ಲಿ ಮ್ಯಾನಿಫೋಲ್ಡ್ ಒಳಗೆ 1.3 ಬಾರ್ ಇದ್ದದ್ದು ಗುಂಡ್ಯದಲ್ಲಿ 1.4 ಆಗುತ್ತದೆ. ಹಾಸನದ ರಿಂಗ್ ರೋಡಿನಲ್ಲಿ ಟ್ಯೂನ್ ಮಾಡಿ ನಿಲ್ಲಿಸಿದರೆ, ಗಾಡಿ ಅತಿ ಹೆಚ್ಚು ದುಡಿಯುವ ಜಾಗದ ಅಂಕಿಗಳೇ ಇಸಿಯುವಿನ ಇಂಧನ-ಕಿಡಿಯ ಪಟ್ಟಿಯಲ್ಲಿ ಖಾಲಿ ಉಳಿಯುತ್ತವೆ.

ಬೂಸ್ಟರ್‌ಜೆಟ್ ಜತೆ ಹೋಲಿಕೆ ಬೇಡ. ಅದರಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೇ ಸಿಂಪಡಣೆಯಾಗಿ ಒಳಗಿನ ಗಾಳಿಯನ್ನು ತಂಪು ಮಾಡುತ್ತದೆ. ಆ ಎಂಜಿನ್ ಮೊದಲ ಗೆರೆಯಿಂದಲೇ ಟರ್ಬೋಗಾಗಿ ಬರೆದದ್ದು.

ಲೇತ್ ಮಷಿನ್

ಮೇಲಿನವರು ಹೇಳಿದ್ದಕ್ಕೆ ನನ್ನ ಒಪ್ಪಿಗೆಯಿದೆ. ಕಬ್ಬಿಣದ ಕೆಲಸದ ಬಗ್ಗೆ ಮಾತ್ರ ನಾನು ಹೇಳುತ್ತೇನೆ.

ಹಳೆಯ ಸ್ವಿಫ್ಟ್ ಡೀಸೆಲ್‌ನ 75 ಪಿಎಸ್ ಎಂಜಿನ್ನಿನ ಟರ್ಬೋ ಗಾತ್ರದಲ್ಲಿ ನಿಮಗೆ ಹೊಂದುತ್ತದೆ. ಎರ್ಟಿಗಾ, ಸಿಯಾಜ್ ಡೀಸೆಲ್‌ಗಳ 90 ಪಿಎಸ್ ಎಂಜಿನ್ನಿನದು ಬೇಡ. ಅದರೊಳಗೆ ಹೊಗೆಯ ಹರಿವನ್ನು ಹೊಂದಿಸಲು ಕೋನ ಬದಲಿಸುತ್ತ ತಿರುಗುವ ಎಲೆಗಳಿವೆ, ಪೆಟ್ರೋಲ್ ಎಂಜಿನ್ನಿನ ಬಿಸಿಗೆ ಅವು ಸಿಕ್ಕಿಕೊಳ್ಳುತ್ತವೆ. ಡೀಸೆಲ್‌ನ ಹೊಗೆ 800 ಡಿಗ್ರಿ ದಾಟುವುದು ಅಪರೂಪ, ಪೆಟ್ರೋಲ್ ಎಂಜಿನ್ ಪೂರ್ತಿ ಭಾರದಲ್ಲಿ 900 ದಾಟುತ್ತದೆ. ಆದ್ದರಿಂದ 75 ಪಿಎಸ್‌ನದಾದರೂ ಘಟ್ಟದಲ್ಲಿ ನಿರಂತರ ಬೂಸ್ಟ್ ಕೇಳಬೇಡಿ.

ಇದಕ್ಕಿಂತ ಹೆಚ್ಚು ಜನ ಕಡೆಗಣಿಸುವುದು ಆಕ್ಚುಯೇಟರ್ ಸ್ಪ್ರಿಂಗನ್ನು, ಅಂದರೆ ವೇಸ್ಟ್‌ಗೇಟ್ ತೆರೆಯುವ ಸಾಧನದ ಸ್ಪ್ರಿಂಗನ್ನು. ಡೀಸೆಲ್ ಟರ್ಬೋದ ಸ್ಪ್ರಿಂಗ್ 1 ಬಾರ್ ಸುತ್ತಮುತ್ತ ತೆರೆಯುವಂತೆ ಕೂಡಿಸಿರುತ್ತಾರೆ. ಸ್ಪ್ರಿಂಗ್ ತೆರೆಯುವ ಒತ್ತಡಕ್ಕಿಂತ ಕಡಿಮೆ ಬೂಸ್ಟ್ ಯಾವ ಕಂಟ್ರೋಲರ್ ಹಾಕಿದರೂ ಬರುವುದಿಲ್ಲ. ನಿಮಗೆ ಬೇಕಾಗಿರುವುದು 0.4. ಮೆದು ಸ್ಪ್ರಿಂಗಿನ ಆಕ್ಚುಯೇಟರ್ ಮೊದಲೇ ಹುಡುಕಿಡಿ.

ಎಣ್ಣೆ ವಾಪಸು ಬರುವ ಪೈಪಿನ ವಿಚಾರ. ಟರ್ಬೋದಿಂದ ಹೊರಬರುವ ಎಣ್ಣೆಗೆ ಒತ್ತಡವಿರುವುದಿಲ್ಲ, ನೊರೆಯಾಗಿ ತನ್ನ ಭಾರದಿಂದಷ್ಟೇ ಇಳಿಯಬೇಕು. ಪೈಪ್ ದಪ್ಪವಾಗಿರಲಿ, ಎಲ್ಲಿಯೂ ಅಡ್ಡ ಮಲಗದೆ ಇಳಿಜಾರಾಗಿಯೇ ಹೋಗಲಿ, ಸಂಪಿನಲ್ಲಿ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯಲ್ಲಿ) ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಲಿ. ಇಲ್ಲದಿದ್ದರೆ ಎಣ್ಣೆ ಹಿಂದೆ ನಿಂತು ಟರ್ಬೈನ್ ಕಡೆ ಸೋರಿ ನೀಲಿ ಹೊಗೆ ಬರುತ್ತದೆ, ಮತ್ತು ಗ್ಯಾರೇಜಿನವರು ಟರ್ಬೋ ಸೀಲ್ ಹೋಗಿದೆ ಎಂದು ಇನ್ನೊಂದು ಟರ್ಬೋ ಮಾರುತ್ತಾರೆ. ಝೆನ್ ಸಂಪಿಗೆ ಬೆಸುಗೆ ಹಾಕಿಸುವಾಗ ಅದನ್ನು ಬಿಚ್ಚಿಯೇ ಹಾಕಿಸಿ, ಗಾಡಿಯ ಕೆಳಗೆ ಮಲಗಿ ತೂತು ಕೊರೆಯಬೇಡಿ; ಲೋಹದ ಚೂರು ಆಯಿಲ್ ಪಂಪಿನ ದಾರಿ ಹಿಡಿಯುತ್ತದೆ.

ಉಳಿಸಬಹುದಾದದ್ದೆಂದರೆ ಇಂಟರ್‌ಕೂಲರ್, ಪೈಪು, ಕ್ಲ್ಯಾಂಪುಗಳು. ಇವೆಲ್ಲ ಹಳೆಯ ಡೀಸೆಲ್ ಕಾರಿನವೇ ಸಾಕು. ಎಲ್ಲಕ್ಕಿಂತ ಮೊದಲು ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಟೆಸ್ಟ್ (ಒಳಗೆ ಒತ್ತಡ ಎಷ್ಟು ನಿಲ್ಲುತ್ತದೆಂಬ ಪರೀಕ್ಷೆ) ಮಾಡಿಸಿ. ಒಂದರಲ್ಲಿ ಕಡಿಮೆ ಬಂದರೆ ಟರ್ಬೋ ಮಾತು ಅಲ್ಲಿಗೇ ನಿಲ್ಲಿಸಬೇಕು.

ಮಾರನಹಳ್ಳಿ ತಿರುವು

ತಾಂತ್ರಿಕ ವಿಚಾರದಲ್ಲಿ ಇಬ್ಬರೂ ಸರಿ. ಆದರೆ ಯಾರೂ ಕಾಗದಪತ್ರದ ಮಾತೆತ್ತಲಿಲ್ಲ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದಿದೆ. ನಿಮ್ಮ ಗಾಡಿ 15 ವರ್ಷ ದಾಟಿರುವುದರಿಂದ ನೋಂದಣಿ ನವೀಕರಣಕ್ಕೆ ಆರ್‌ಟಿಒ ಎದುರು ಬಾನೆಟ್ ತೆರೆದು ತೋರಿಸಲೇಬೇಕು. ಅಪಘಾತವಾದರೆ ವಿಮೆಯವರಿಗೂ ಇದೊಂದು ಕಾರಣ ಸಿಕ್ಕಂತೆ. ಖಾಸಗಿ ಟ್ರ್ಯಾಕಿಗೆ ಮೀಸಲಾದ ಗಾಡಿಯಾಗಿದ್ದರೆ ಮಾತು ಬೇರೆಯಿತ್ತು, ನಿಮ್ಮದು ಮನೆಮಂದಿ ಕೂರುವ ಗಾಡಿ.

ಘಾಟಿ ಹತ್ತುವುದೇ ಉದ್ದೇಶವಾದರೆ ಎಸ್ಟೀಮ್‌ನ 1.3 ಲೀಟರ್, 16 ವಾಲ್ವ್ ಎಂಜಿನ್ ನೋಡಿ. ಝೆನ್‌ನ ಎಂಜಿನ್ನಿನ ಕುಟುಂಬದ್ದೇ ಅದು. ಬೂಸ್ಟ್ ಇಲ್ಲದೆ 85 ಬಿಎಚ್‌ಪಿ, ಅದೂ ತನ್ನದೇ ಇಸಿಯು ಜತೆ. ಅದಕ್ಕೂ ಆರ್‌ಟಿಒ ಅನುಮತಿ ಮೊದಲೇ ಕೇಳಬೇಕು, ಎಂಜಿನ್ ಸಂಖ್ಯೆ ಆರ್‌ಸಿಗೆ ಏರಬೇಕು, ಒಪ್ಪದಿದ್ದರೆ ಕೈಬಿಡಬೇಕು. ಆದರೂ ನಿಮ್ಮ ಹಣಕ್ಕೆ ನಾನಾಗಿದ್ದರೆ ಇದನ್ನೇ ಆರಿಸುತ್ತಿದ್ದೆ.

ಘಟ್ಟದ ಝೆನ್

ಮೂವರಿಗೂ ಧನ್ಯವಾದ. ಟರ್ಬೋ ಕೊಳ್ಳುವುದನ್ನು ಸದ್ಯಕ್ಕೆ ಮುಂದೂಡಿ, ಕಂಪ್ರೆಷನ್ ಟೆಸ್ಟ್ ಮಾಡಿಸಿ, 1.3ರ ಅನುಮತಿಯ ಬಗ್ಗೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುತ್ತೇನೆ. ಅಷ್ಟರಲ್ಲಿ ಈಗಿನ ಎಂಜಿನ್ನೇ ಘಾಟಿಯಲ್ಲಿ ಸರಿಯಾಗಿ ಉರಿಯುತ್ತಿದೆಯೇ ಎಂದು ನೋಡಲು ವೈಡ್‌ಬ್ಯಾಂಡ್ ಹಾಕಿಸಬಹುದೇ? 100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಏನಾದರೂ ಲಾಭವಿದೆಯೇ?

ಲ್ಯಾಂಬ್ಡಾ

ನಾಕಿಂಗ್ ಇಲ್ಲದ ಎಂಜಿನ್ನಿಗೆ 100 ಆಕ್ಟೇನ್‌ನಿಂದ ಶಕ್ತಿ ಬರುವುದಿಲ್ಲ, ಹಣ ಉಳಿಸಿ. ವೈಡ್‌ಬ್ಯಾಂಡ್ ಹಾಕಿಸಿ, 1.3 ಬಂದರೂ ಅದು ವ್ಯರ್ಥವಾಗುವುದಿಲ್ಲ. ಎಕ್ಸಾಸ್ಟ್ ಪೈಪಿಗೆ ಅದರ ನಟ್ಟನ್ನು ಬೆಸೆಯುವಾಗ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮುಂಚೆಯೇ ಬರುವಂತೆ, ಗಡಿಯಾರದ ಹತ್ತರಿಂದ ಎರಡು ಗಂಟೆಯ ನಡುವಿನ ಕೋನದಲ್ಲಿ ಮೇಲ್ಮುಖವಾಗಿ ಕೂರಿಸಲು ಹೇಳಿ. ಅಡ್ಡ ಅಥವಾ ಕೆಳಮುಖವಾಗಿ ಕೂರಿಸಿದರೆ ಬೆಳಗಿನ ಚಳಿಯಲ್ಲಿ ಪೈಪಿನೊಳಗೆ ಕಟ್ಟಿದ ನೀರು ಸೆನ್ಸರಿನ ಬಿಸಿ ಸೆರಾಮಿಕ್ ಮೇಲೆ ಬಿದ್ದು ಅದು ಸೀಳುತ್ತದೆ. ಘಾಟಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ; 1 ಅಂದರೆ ಸರಿಸಮ, ಅದಕ್ಕಿಂತ ಕಡಿಮೆಯೆಂದರೆ ಪೆಟ್ರೋಲ್ ಹೆಚ್ಚು) 0.85ರಿಂದ 0.90ರ ನಡುವೆ ನಿಂತರೆ ಸರಿ. 1ರ ಹತ್ತಿರ ಹೋದರೆ ಫ್ಯೂಯೆಲ್ ಫಿಲ್ಟರ್, ಪಂಪ್ ಮೊದಲು ನೋಡಿಸಿ.