‘ಸ್ಪಾಂಟೇನಿಯಸ್’ ಪದಕ್ಕೆ ಕನ್ನಡದಲ್ಲಿ ಏನು ಬರೆಯುತ್ತೀರಿ?

ಪ್ರವಾಸ ಲೇಖನವೊಂದನ್ನು ಇಂಗ್ಲಿಷಿನಿಂದ ಅನುವಾದಿಸುತ್ತಿದ್ದೇನೆ. ಗೆಳತಿಯರು ಊಟದ ನಡುವೆಯೇ ಎದ್ದು ಆಗುಂಬೆಗೆ ಹೊರಟುಬಿಡುತ್ತಾರೆ. ಲೇಖಕಿ ಅದನ್ನು ‘ಸ್ಪಾಂಟೇನಿಯಸ್’ ಪ್ರಯಾಣ ಎನ್ನುತ್ತಾರೆ. ‘ಸ್ವಯಂಪ್ರೇರಿತ’ ಎಂದರೆ ನಡೆಯುತ್ತದೆಯೇ? ಸೋಮವಾರ ಕೊಡಬೇಕು.

ಅನುವಾದಕ, ಧಾರವಾಡ
ಆ ಪದದಿಂದ ನಾನು ಕಳೆದುಕೊಂಡದ್ದು 2,450 ರೂಪಾಯಿ. 14,000 ಪದಗಳ ಕೈಪಿಡಿ, ಪದಕ್ಕೆ 70 ಪೈಸೆ, ಒಟ್ಟು 9,800. ಹನ್ನೊಂದು ರಾತ್ರಿ ಕುಳಿತು ಮುಗಿಸಿದೆ. 31 ಕಡೆ ‘ಸ್ವಯಂಪ್ರೇರಿತ’ ಎಂದು ಹಾಕಿದ್ದೆ. ‘ಸ್ವಯಂಪ್ರೇರಿತ ನಗು ಎಂದರೆ ಹೈಕೋರ್ಟು ದೂರಿಲ್ಲದೆ ತಾನೇ ಕೈಗೆತ್ತಿಕೊಂಡ ನಗುವೇ?’ ಎಂದು ಕೆಲಸ ಕೊಟ್ಟವರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕಾಲುಭಾಗ ಹಣ ಕಡಿದರು. ಪತ್ರಿಕೆಗಳು ಕೋರ್ಟಿನ ‘ಸುಯೋ ಮೋಟು’ಗೂ ರಕ್ತದಾನಕ್ಕೂ ಅಂಗಡಿ ಬಂದ್‌ಗೂ ಅದನ್ನೇ ಬಳಸಿ ಸವೆಸಿಬಿಟ್ಟಿವೆ, ಪೆಟ್ಟು ನನಗೆ.

ಅರ್ಥಧಾರಿ, ಪುತ್ತೂರು
‘ಆಶು’ ಎಂಬ ಪದ ಇರುವಾಗ ಇಷ್ಟೊಂದು ಗೋಳೇಕೆ? ತಾಳಮದ್ದಳೆಯಲ್ಲಿ ಬರೆದದ್ದು ಪದ್ಯ ಮಾತ್ರ, ಅರ್ಥ ಎಂದರೆ ಪಾತ್ರದ ಮಾತು ನಮ್ಮದು, ಅಲ್ಲೇ ಹುಟ್ಟಬೇಕು. ಕರ್ಣನಾಗಿ ಕುಳಿತಿದ್ದ ಒಂದು ರಾತ್ರಿ ಎದುರಿನ ಕೃಷ್ಣ ಎಲ್ಲಿಯೂ ಇಲ್ಲದ ಪ್ರಶ್ನೆ ಎಸೆದ. ಬಾಯಿ ಒಣಗಿತು. ಭಾಗವತರು ಜಾಗಟೆ ಮುಟ್ಟದೆ ಕಾದರು. ಆಮೇಲೆ ನಾನು ಕೊಟ್ಟ ಉತ್ತರವನ್ನು ಊರಿನವರು ಇಂದಿಗೂ ಹೇಳುತ್ತಾರೆ. ಅದಕ್ಕೆ ಮೊದಲು ಮೂರು ವಾರ ಓದಿದ್ದೆ, ಅದು ಬೇರೆ ಮಾತು.

ರಸಾಯನಶಾಸ್ತ್ರದ ಮೇಷ್ಟ್ರು
ಮೂರು ವಾರ ಓದಿದ್ದು ಆಶು ಹೇಗಾಯಿತು ಸ್ವಾಮಿ? ಇರಲಿ. ನಮ್ಮಲ್ಲಿ ಈ ಪದಕ್ಕೆ ಅವಸರವೇ ಇಲ್ಲ. ಕಬ್ಬಿಣ ತುಕ್ಕು ಹಿಡಿಯುವುದು ಸ್ಪಾಂಟೇನಿಯಸ್. ವಜ್ರ ಗ್ರಾಫೈಟ್ ಆಗುವುದೂ ಅಷ್ಟೇ. ನೋಡಲು ಕುಳಿತರೆ ವಂಶವೇ ಮುಗಿಯುತ್ತದೆ. ‘ಥಟ್ಟನೆ ಆಗುವುದು’ ಎಂದು ಯಾರೋ ಹೇಳಿಕೊಟ್ಟಿದ್ದರಿಂದ ನನ್ನ 58 ಮಕ್ಕಳಲ್ಲಿ 40 ಮಂದಿ ಕಿರುಪರೀಕ್ಷೆಯಲ್ಲಿ ತಪ್ಪು ಬರೆದರು. ‘ತಾನಾಗಿ’ ಎನ್ನಿ, ಸಾಕು.

ಅರ್ಥಧಾರಿ, ಪುತ್ತೂರು
ತುಕ್ಕಿಗೂ ಮಾತಿಗೂ ವ್ಯತ್ಯಾಸ ತಿಳಿಯದವರು ಮಕ್ಕಳನ್ನು ದೂರುವುದು ಬೇಡ.

ನಿವೃತ್ತ ಇಂಗ್ಲಿಷ್ ಅಧ್ಯಾಪಕಿ
ಅರ್ಥಧಾರಿಗಳ ಪರವಾಗಿ ಒಂದು ಮಾತು: ಆಶು ಮಾತಿಗೆ ಇಂಗ್ಲಿಷಿನಲ್ಲಿ ಹೇಳುವ ‘ಇಂಪ್ರಾಂಪ್ಟು’ವಿನ ಲ್ಯಾಟಿನ್ ಮೂಲಕ್ಕೆ ‘ಕೈಗೆಟುಕುವಂತೆ ಸಿದ್ಧ’ ಎಂದೇ ಅರ್ಥ. ಇನ್ನು ಅದೇ ಅರ್ಥಕ್ಕೆ ‘ಎಕ್ಸ್‌ಟೆಂಪೋರ್’ ಎನ್ನುವವರು ಗಮನಿಸಿ, ಅದರ ಉಚ್ಚಾರಣೆ ‘ಎಕ್ಸ್‌ಟೆಂಪರಿ’. ಇದನ್ನು ಹೇಳಿದ್ದಕ್ಕೆ ಒಂದು ಕಾಲೇಜು ನನ್ನನ್ನು ಮತ್ತೆ ತೀರ್ಪುಗಾರಳಾಗಿ ಕರೆಯಲಿಲ್ಲ.

ಅನುವಾದಕ, ಧಾರವಾಡ
ಇಲ್ಲಿ ಯಾರೂ ‘ಎಕ್ಸ್‌ಟೆಂಪೋರ್’ ಎಂದೇ ಇಲ್ಲ, ಮೇಡಂ.

ನಿವೃತ್ತ ಇಂಗ್ಲಿಷ್ ಅಧ್ಯಾಪಕಿ
ಎನ್ನುತ್ತಿದ್ದಿರಿ.

ಕೇಳಿದವಳು
ಅಜ್ಜಿಯನ್ನು ಕೇಳಿದೆ. ‘ಉಟ್ಟ ಬಟ್ಟೆಯಲ್ಲೇ ಹೊರಟರು ಅಂತ ಬರಿ’ ಎಂದರು. ಬರೆದೆ.

ರಸಾಯನಶಾಸ್ತ್ರದ ಮೇಷ್ಟ್ರು
ಸಾಲ ಮಾಡಿ ಊರು ಬಿಟ್ಟವರಿಗೂ ಅದನ್ನೇ ಹೇಳುತ್ತಾರಲ್ಲ!